ರಾಜೇಶ್ವರಿಗೆ ಹೊಂದುವ ಸಾವು

ಹೆಂಡತಿಯನ್ನು ಯಾವ ರೋಗದಿಂದ ಸಾಯಿಸಬೇಕು ಎಂಬುದು ಬಸ್ಸು ಚಿಕ್ಕೋಡಿ ಬಿಟ್ಟು ಬಹಳ ಹೊತ್ತಾದರೂ ಬಾಳಾಸಾಬನಿಗೆ ಬಗೆಹರಿಯಲಿಲ್ಲ. ಕಿಟಕಿಯಾಚೆ ಕಬ್ಬು, ಕಬ್ಬು ಮುಗಿದರೆ ಮತ್ತೆ ಕಬ್ಬು. ಅಂಗಿಯ ಕಿಸೆಯಲ್ಲಿ ಮಡಿಚಿಟ್ಟ ಕಾಗದದಲ್ಲಿ ಮೃತಳ ಹೆಸರು ತುಂಬಿತ್ತು, ಗಂಡನ ಹೆಸರು ತುಂಬಿತ್ತು, ಊರು ಸದಲಗಾ ಎಂದೂ ತುಂಬಿತ್ತು; ಸಾವಿನ ಕಾರಣ ಎಂಬಲ್ಲಿ ಮಾತ್ರ ಖಾಲಿ. "ಅದನ್ನ ನೀವ ವಿಚಾರ ಮಾಡಿ ನಾಳೆ ಮುಂಜಾನೆ ಫೋನ್ ಮಾಡ್ರಿ ದಾದಾ" ಎಂದಿದ್ದ ಏಜೆಂಟ ನಿತಿನ, ಲಗ್ನದ ಊಟಕ್ಕೆ ಬುಂದಿಯೋ ಜಿಲೇಬಿಯೋ ಎಂದು ಕೇಳುವ ಅಡಿಗೆಯವನ ಹಾಗೆ. ಬಾಳಾಸಾಬ ಊರಿನ ಡೇರಿಯಲ್ಲಿ ಬೆಳಿಗ್ಗೆ ಸಂಜೆ ಜನ ತಂದ ಹಾಲಿನ ಫ್ಯಾಟ್ ನೋಡುವವನು. ಮನೆಯಲ್ಲಿ ಎರಡು ಎಮ್ಮೆ, ಒಬ್ಬಳು ಅವ್ವ. ಈ ವಯಸ್ಸಿನ ತನಕ ಒಂದು ಕೋಳಿಯನ್ನೂ ಕೈಯಾರೆ ಕೊಯ್ದವನಲ್ಲ. ಪಕ್ಕದ ಸೀಟಿನ ಮೇಲೆ ಚೀಲ ಇಟ್ಟುಕೊಂಡು ಕೂತಿದ್ದ. ನಡುವೆ ಎಲ್ಲೋ ಹತ್ತಿದ ಹೆಣ್ಣುಮಗಳೊಬ್ಬಳು, "ಇಲ್ಲಿ ಯಾರರ ಅದಾರೇನ್ರಿ?" ಎಂದು ಕೇಳಿದಾಗ, "ಇದ್ಲು" ಎಂದುಬಿಟ್ಟ. ಆಕೆ ಸೀಟನ್ನೊಮ್ಮೆ ಅವನ ಮುಖವನ್ನೊಮ್ಮೆ ನೋಡಿ ಹಿಂದೆ ಹೋಗಿ ನಿಂತುಕೊಂಡಳು.

ಸಾಯಬೇಕಾದವಳು ರಾಜೇಶ್ವರಿ. ಬದುಕಿರಬೇಕಾದವಳು ಕೋಮಲ. ಇಬ್ಬರೂ ಒಬ್ಬಳೇ ಎಂಬುದು ಸದಲಗಾದ ಅವರ ಓಣಿಗೆ ಗೊತ್ತು, ಜುಗೂಳದ ಅವಳ ತವರಿಗೆ ಗೊತ್ತು. ಗೊತ್ತಿಲ್ಲದ್ದು ಆ ಥಂಡಿ ದೇಶದ ವೀಸಾ ಕಚೇರಿಗೆ ಮಾತ್ರ. ಆ ದೇಶಕ್ಕೂ ಒಂದು ಹೆಸರಿದೆ. ಅವ್ವ ದುಂಡವ್ವನ ನಾಲಿಗೆ ಅದಕ್ಕೆ ಹೊರಳದೆ ಮನೆಯಲ್ಲಿ ಅದು ಥಂಡಿ ದೇಶ ಎಂದೇ ಆಗಿ, ಈಗ ಬಾಳಾಸಾಬನಿಗೂ ನಿಜವಾದ ಹೆಸರು ಫಾರಂ ತುಂಬುವಾಗ ಮಾತ್ರ ನೆನಪಿಗೆ ಬರುತ್ತದೆ. ಐದು ವರ್ಷದ ಹಿಂದೆ ಜುಗೂಳದ ಕೋಮಲ ಈ ಮನೆಯ ಹೊಸಿಲು ದಾಟಿ ಬಂದ ದಿನ ಅಕ್ಕಿ ಹರಡಿದ ತಾಟು ತಂದು ಅವನ ಮುಂದಿಟ್ಟರು. ಗಂಡನಾದವನು ಉಂಗುರದ ತುದಿಯಿಂದ ಆ ಅಕ್ಕಿಯಲ್ಲಿ ಹೆಂಡತಿಯ ಹೊಸ ಹೆಸರು ಬರೆಯಬೇಕು, ಅವತ್ತಿನಿಂದ ಆಕೆ ಆ ಹೆಸರಿನವಳು; ಈ ಸೀಮೆಯ ಎಷ್ಟೋ ಮನೆಗಳಲ್ಲಿ ನಡೆದು ಬಂದ ಪದ್ಧತಿ. ಕೋಮಲ ಎಂಬುದೇ ಚಂದ ಇದೆಯಲ್ಲ ಎಂದು ಅವನಿಗೆ ಅನ್ನಿಸಿತ್ತು. ಆದರೆ ಆ ಹೆಸರಿನದೊಂದು ಎಮ್ಮೆ ಆಗಲೇ ಕೊಟ್ಟಿಗೆಯಲ್ಲಿತ್ತು. "ಒಂದ ಹೆಸರ ಹಿಡದ ಕರದ್ರ ಇಬ್ರೂ ಹೊಳ್ಳಿ ನೋಡ್ತಾವ, ಬ್ಯಾಡ. ರಾಜೇಶ್ವರಿ ಅಂತ ಬರಿ" ಎಂದಳು ದುಂಡವ್ವ. ಎಮ್ಮೆಯ ಹೆಸರನ್ನು ಬದಲಿಸಬಹುದಿತ್ತು ಎಂಬುದು ಅಲ್ಲಿ ನೆರೆದ ಯಾರಿಗೂ ಹೊಳೆಯಲಿಲ್ಲ. ಹೊಳೆದಿದ್ದರೂ ಆಗುವಂತಿರಲಿಲ್ಲ, ಎಮ್ಮೆಗೆ ವಿಮೆ ಇಳಿಸಿದ್ದರು, ಕಿವಿಗೆ ನಂಬರಿನ ಬಿಲ್ಲೆ ಬಿದ್ದಿತ್ತು, ಅದರ ಕಾಗದಪತ್ರ ಎಲ್ಲ ಪಕ್ಕಾ ಆಗಿಹೋಗಿತ್ತು. ಸೊಸೆಯದು ಇನ್ನೂ ಆಗಬೇಕಿತ್ತು. ಮುಂದೆ ಮದುವೆಯ ನೋಂದಣಿಯಲ್ಲಿ, ರೇಷನ್ ಕಾರ್ಡಿನಲ್ಲಿ, ಮತದಾರರ ಪಟ್ಟಿಯಲ್ಲಿ ಆಕೆ ರಾಜೇಶ್ವರಿಯಾದಳು. ಶಾಲೆಯ ದಾಖಲೆಯಲ್ಲಿ, ನರ್ಸಿಂಗಿನ ಪ್ರಮಾಣಪತ್ರದಲ್ಲಿ, ಅದರ ಆಧಾರದ ಮೇಲೆ ಮಾಡಿಸಿದ ಪಾಸ್‌ಪೋರ್ಟಿನಲ್ಲಿ ಕೋಮಲಳಾಗಿ ಉಳಿದಳು. ಬೆಳಿಗ್ಗೆ ನಿಪ್ಪಾಣಿಯ ಬಸ್ಸು ಹತ್ತುವಾಗ ರಾಜೇಶ್ವರಿ, ಆಸ್ಪತ್ರೆಗೆ ಹೋಗಿ ಎದೆಗೆ ಬಿಲ್ಲೆ ಸಿಕ್ಕಿಸಿಕೊಂಡರೆ ಕೋಮಲ, ಸಂಜೆ ಬಂದು ಒಲೆ ಮುಂದೆ ಕೂತರೆ ಮತ್ತೆ ರಾಜೇಶ್ವರಿ. ಎರಡು ವರ್ಷ ಹೀಗೆ ನಡೆದ ಮೇಲೆ ಪರೀಕ್ಷೆ ಬರೆದು ಥಂಡಿ ದೇಶದ ಆಸ್ಪತ್ರೆಗೆ ಹೋದವಳು ಕೋಮಲ. ಕಾಗದದ ಪ್ರಕಾರ ರಾಜೇಶ್ವರಿ ಸದಲಗಾ ಬಿಟ್ಟು ಕದಲಿಯೇ ಇಲ್ಲ. ಪ್ರತಿ ತಿಂಗಳೂ ಅವಳ ಪಾಲಿನ ಅಕ್ಕಿ ದುಂಡವ್ವನ ಹೆಬ್ಬೆಟ್ಟಿನ ಮೇಲೆ ಮನೆಗೆ ಬರುತ್ತದೆ, ಚುನಾವಣೆ ಬಂದರೆ ಅವಳ ಹೆಸರಿನ ಚೀಟಿಯೂ ಬರುತ್ತದೆ.

ಈಗ ಮೂರು ವರ್ಷದ ಮೇಲೆ ಅಲ್ಲಿಯ ನಿಯಮ ಕೋಮಲಳಿಗೆ ಗಂಡನನ್ನು ಕರೆಸಿಕೊಳ್ಳಲು ಬಿಟ್ಟಿತ್ತು. ಫಾರಂ ತುಂಬಿಸಲು ಚಿಕ್ಕೋಡಿಯಲ್ಲಿ ಝೆರಾಕ್ಸ್ ಅಂಗಡಿಯ ಮೇಲೆ ಕೂರುವ ನಿತಿನನ ಹತ್ತಿರ ಹೋದ ಮೊದಲ ದಿನವೇ ಬಾಳಾಸಾಬ ಅರ್ಧ ಕುಗ್ಗಿ ಬಂದಿದ್ದ. ಅರ್ಜಿದಾರ ಯಾರ ಮೇಲೆ ಅವಲಂಬಿತ? ಹೆಂಡತಿಯ ಮೇಲೆ. ಅವನ ಊಟ ವಸತಿ ಯಾರು ನೋಡುತ್ತಾರೆ? ಹೆಂಡತಿ. ನಿತಿನ ಗಟ್ಟಿಯಾಗಿ ಓದಿ ಗಟ್ಟಿಯಾಗಿಯೇ ತುಂಬುತ್ತಿದ್ದ, ಕೆಳಗೆ ಝೆರಾಕ್ಸ್ ಮಾಡಿಸಲು ನಿಂತವರು ತಲೆಯೆತ್ತಿ ನೋಡಿದರು. ನಿಮ್ಮ ಸಂಗಾತಿಗೆ ಇಷ್ಟವಾದ ತಿನಿಸು ಯಾವುದು ಎಂಬ ಪ್ರಶ್ನೆಗೆ ಉತ್ತರ ಗೊತ್ತಿಲ್ಲದೆ ಅವನು ಮೆಟ್ಟಿಲ ಮೇಲೆ ಹೋಗಿ ನಿಂತು ಅವಳಿಗೇ ಫೋನ್ ಮಾಡಿ ಕೇಳಿದ. ಆಕೆ, "ನಿಮಗ ಏನ ತಿಳೀತೈತಿ ಅದನ್ನ ಬರೀರಿ" ಎಂದಳು. ನಿಮ್ಮಿಬ್ಬರ ಸಂಬಂಧವನ್ನು ವಿವರಿಸಿ ಎಂದು ಒಂದಿಡೀ ಪುಟ ಖಾಲಿ ಬಿಟ್ಟಿದ್ದರು. ಅವನು ಬಹಳ ವಿಚಾರ ಮಾಡಿ "ಚಲೋ ಐತಿ" ಎಂದು ಹೇಳಿದ. ಫೋಟೋ ಬೇಕು ಎಂದರು. ಮದುವೆಯ ಫೋಟೋಗಳಲ್ಲಿ ಬಾಸಿಂಗದ ಮುತ್ತಿನ ಎಳೆಗಳು ಇಳಿಬಿದ್ದು ಇಬ್ಬರ ಮುಖವೂ ಕಾಣುವುದಿಲ್ಲ. ಉಳಿದದ್ದು ನಿಪ್ಪಾಣಿಯ ಸ್ಟುಡಿಯೋದಲ್ಲಿ ತೆಗೆಸಿದ್ದೊಂದು, ಅದರಲ್ಲಿ ಇಬ್ಬರ ನಡುವೆ ಅವ್ವ ನಿಂತಿದ್ದಾಳೆ. ನಿತಿನ ಅವನ ಫೋನು ಇಸಿದುಕೊಂಡು ಒಂದೊಂದೇ ಸರಿಸುತ್ತ, "ಇದ ನೋಡ್ರಿ, ಇದರಾಗ ಪ್ರೀತಿ ಕಾಣತೈತಿ" ಎಂದ. ನೋಡಿದರೆ ಅದು ವಿಮೆಯವರಿಗಾಗಿ ತೆಗೆಸಿದ್ದು. ಬಾಳಾಸಾಬ ಎಮ್ಮೆಯ ಕೊರಳ ಸುತ್ತ ಕೈ ಹಾಕಿ, ಕೆನ್ನೆಗೆ ಕೆನ್ನೆ ತಾಗಿಸಿ ನಿಂತಿದ್ದ. ಆ ಎಮ್ಮೆ ಸತ್ತು ಎರಡು ವರ್ಷವಾಗಿತ್ತು.

ಅಂತೂ ಅರ್ಜಿ ಹೋಯಿತು. ಉತ್ತರ ಬಂದದ್ದು ಕಳೆದ ವಾರ. ನೀವು ಕೋಮಲ ಎಂಬವರ ಗಂಡ ಎಂದು ಹೇಳಿಕೊಂಡಿದ್ದೀರಿ. ನೀವೇ ಕಳಿಸಿದ ದಾಖಲೆಗಳು ನೀವು ರಾಜೇಶ್ವರಿ ಎಂಬವರನ್ನು ಮದುವೆಯಾಗಿ ಇವತ್ತಿಗೂ ಅವರೊಂದಿಗೆ ಒಂದೇ ಮನೆಯಲ್ಲಿ ವಾಸವಿದ್ದೀರಿ ಎನ್ನುತ್ತವೆ. ಆ ಮದುವೆ ಮುಗಿದಿರುವುದಕ್ಕೆ ವಿಚ್ಛೇದನದ ಆದೇಶವನ್ನೋ ಆಕೆಯ ಮರಣ ಪ್ರಮಾಣಪತ್ರವನ್ನೋ ಈ ತಿಂಗಳ ಕೊನೆಯ ಒಳಗೆ ಕಳಿಸಿ, ಇಲ್ಲವಾದರೆ ಅರ್ಜಿ ಮುಚ್ಚಲಾಗುವುದು. ಎಲ್ಲ ಬಹಳ ಮರ್ಯಾದೆಯಿಂದ ಬರೆದಿದ್ದರು. ಅದನ್ನು ಓದಿಸಿಕೊಂಡ ದಿನ ಬಾಳಾಸಾಬನಿಗೆ ಮೊದಲು ನಗು ಬಂತು, ಆಮೇಲೆ ಡೇರಿಯಲ್ಲಿ ಹಾಲು ಅಳೆಯುತ್ತಿದ್ದಾಗ ತಾನು ನಿಜವಾಗಿ ಏನೋ ಮಾಡಬಾರದ್ದು ಮಾಡಿದ್ದೇನೆ ಎಂಬ ಅಳುಕು ಹತ್ತಿತು. ಒಬ್ಬಳನ್ನು ಮನೆಯಲ್ಲಿ ಇಟ್ಟುಕೊಂಡು ಇನ್ನೊಬ್ಬಳ ಹತ್ತಿರ ಓಡಲು ಹೊರಟವನ ಅಳುಕು. ಸಂಜೆ ಮನೆಗೆ ಹೋದಾಗ, ಯಾಕೆಂದು ತನಗೇ ತಿಳಿಯದೆ, ಬಾಗಿಲಲ್ಲಿ ಒಮ್ಮೆ ಕೆಮ್ಮಿ ಒಳಗೆ ಕಾಲಿಟ್ಟಿದ್ದ.

ಇವತ್ತು ಮಧ್ಯಾಹ್ನ ನಿತಿನ ಅವನಿಗೆ ಚಹಾ ತರಿಸಿ, ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಕೂತ. "ದಾದಾ, ಅವರ ಲೆಕ್ಕದಾಗ ನೀವು ಒಂದ ದಿನ, ಒಂದ ಮಂಟಪದಾಗ ಇಬ್ಬರ್ನ ಲಗ್ನ ಆಗೀರಿ."

"ಇಬ್ರೂ ಒಬ್ಬಾಕೀನ ಅಂತ ಬರಿಯೋ ಮಾರಾಯ."

"ಬರೀಬಹುದ್ರಿ. ಅದಕ್ಕ ಇಬ್ಬರದೂ ಸಹಿ ಬೇಕಂತಾರ ವಕೀಲ್ರು. ಕೋಮಲ ವೈನಿ ಅಲ್ಲಿಂದ ಬಂದ ಸಹಿ ಮಾಡಬೇಕು. ರಾಜೇಶ್ವರಿ ವೈನಿ..." ಎಂದವನು ತಡೆದು, ನಿಜವಾದ ಕಾಳಜಿಯಿಂದ ಕೇಳಿದ, "ಅವರೆಲ್ಲಿ ಅದಾರ ಈಗ?"

"ಅಕಿನೂ ಅಲ್ಲೇ ಅದಾಳಲ್ಲೋ!"

"ಹಂಗಂದ್ರ ಭಾಳ ತೊಂದ್ರಿ ಆತು. ಪಾಸ್‌ಪೋರ್ಟ್ ಇಲ್ಲದ ಹೆಂಗ ಹ್ವಾದ್ರು ಅಂತ ಕೇಳ್ತಾರ."

ಬಾಳಾಸಾಬನಿಗೆ ಸಿಟ್ಟು ಬರಬೇಕಾಗಿತ್ತು. ಬದಲಿಗೆ, ಹೌದಲ್ಲ, ಹೇಗೆ ಹೋದಳು ಎಂದು ಒಂದು ಕ್ಷಣ ತಾನೂ ಯೋಚನೆಗೆ ಬಿದ್ದ. ನಿತಿನ ಬೆರಳು ಮಡಿಚಿ ವಿವರಿಸಿದ. ಕೋರ್ಟಿಗೆ ಹೋದರೆ ಇಬ್ಬರೂ ಒಬ್ಬಳೇ ಎಂಬ ಹುಕುಂ ಸಿಗುತ್ತದೆ, ಆದರೆ ಎರಡು ವರ್ಷವೂ ಆಗಬಹುದು, ನಾಲ್ಕೂ ಆಗಬಹುದು, ಅಷ್ಟರಲ್ಲಿ ಈ ಅರ್ಜಿ ಮುಚ್ಚಿಹೋಗಿರುತ್ತದೆ. ವಿಚ್ಛೇದನದ ಸೋಡಚಿಠ್ಠಿ ಮಾಡಿಸಿ ಬಿಟ್ಟುಬಿಡೋಣ ಎಂದರೆ ಅದಕ್ಕೂ ರಾಜೇಶ್ವರಿಯ ಸಹಿ ಬೇಕು. "ಸತ್ತವರ ಸಹಿ ಯಾರೂ ಕೇಳೂದಿಲ್ಲ ನೋಡ್ರಿ" ಎಂದ. ತನಗೆ ಗುರುತಿನವರೊಬ್ಬರಿದ್ದಾರೆ, ಹಿಂದಿನ ತಾರೀಖು ಹಾಕಿ ಮರಣದ ದಾಖಲೆ ಮಾಡಿಸುತ್ತಾರೆ. ಮೊದಲ ಹೆಂಡತಿ ತೀರಿಕೊಂಡ ಮೇಲೆ ಕೋಮಲಳನ್ನು ಮದುವೆಯಾದದ್ದು ಎಂದು ಇನ್ನೊಂದು ಕಾಗದ ಮಾಡಿದರೆ ಮುಗಿಯಿತು. "ಯಾರರ ವಿಚಾರಣಿಗಿ ಮನಿಗಿ ಬಂದ್ರ ನಿಮ್ಮ ಅವ್ವಾರು, ಹೌದ್ರಿ ಸೊಸಿ ತೀರಿಕೊಂಡಾಳ ಅನಬೇಕು. ಅಷ್ಟ. ಒಂದೆರಡ ಸಲ ಅನಿಸಿ ನೋಡ್ರಿ, ಹಿರೇ ಮನಷಾರು ಆ ವ್ಯಾಳ್ಯಾದಾಗ ಏನರ ಅಂದಬಿಡ್ತಾರ." ಇದು ತಪ್ಪು ಎಂದು ಹೇಳಲು ಬಾಳಾಸಾಬ ಬಾಯಿ ತೆರೆದ. ಹೊರಗೆ ಬಂದದ್ದು, "ಅಕಿಗಿ ಗೊತ್ತಾದ್ರ?" ಎಂಬ ಮಾತು. "ಯಾರಿಗ್ರಿ?" ಎಂದ ನಿತಿನ.

ಬಸ್ಸು ಕುಲುಕಿದಾಗೆಲ್ಲ ಕಿಸೆಯ ಕಾಗದ ಚರಪರ ಎನ್ನುತ್ತಿತ್ತು. ಮೊದಲು ಹೊಳೆದದ್ದು ನೀರು. ಮನೆಯಿಂದ ಕೂಗಳತೆಯಲ್ಲಿ ದೂಧಗಂಗಾ ಇದೆ, ಬಟ್ಟೆ ಒಗೆಯಲು ಹೋದವಳು ಕಾಲು ಜಾರಿದಳು ಎಂದರೆ ಯಾರೂ ಮರುಪ್ರಶ್ನೆ ಕೇಳುವುದಿಲ್ಲ. ಆದರೆ ಆಕೆ ಜುಗೂಳದವಳು, ಬೆನ್ನಿಗೆ ಸೋರೆ ಬುರುಡೆ ಕಟ್ಟಿಕೊಂಡು ಕೃಷ್ಣೆಯಲ್ಲಿ ಈಜು ಕಲಿತವಳು; ಮದುವೆಯಾದ ಹೊಸತರಲ್ಲಿ ಹೊಳೆಗೆ ಹೋಗಿದ್ದಾಗ ಕೈಜಾರಿದ ಅವನ ಹಾಲಿನ ಕ್ಯಾನು ತೇಲಿ ಹೋಗುತ್ತಿತ್ತು, ಆಕೆ ಸೀರೆ ಬಿಗಿದುಕೊಂಡು ಹಾರಿ ತಂದು ದಡದ ಮೇಲಿಟ್ಟು, ಮುಖದ ನೀರು ಒರೆಸಿಕೊಳ್ಳುತ್ತ ಅವನನ್ನು ನೋಡಿ ನಕ್ಕಿದ್ದಳು. ಅವನು ಯಾರಾದರೂ ಕಂಡಾರು ಎಂದು ಆಚೆ ನೋಡಿದ್ದ. ಆ ನಗುವಿಗೆ ತಿರುಗಿ ನಗಬೇಕಾಗಿತ್ತು ಎಂಬುದು ಈಗ, ಅವಳನ್ನು ಅದೇ ಹೊಳೆಯಲ್ಲಿ ಮುಳುಗಿಸಲು ಹೊರಟಾಗ, ಎದೆಯಲ್ಲಿ ಚುಚ್ಚಿತು. ನೀರು ಬೇಡ. ಹಾವು? ಕೊಟ್ಟಿಗೆಗೆ ಬಂದ ಹಾವನ್ನು ಅವನು ಕಂಬ ಹತ್ತಿ ನಿಂತು ನೋಡುತ್ತಿದ್ದಾಗ ಕಸಬರಿಗೆಯಿಂದ ಸಾವಕಾಶ ತಳ್ಳಿಕೊಂಡು ಹೋಗಿ ಕಬ್ಬಿನೊಳಗೆ ಬಿಟ್ಟುಬಂದವಳು ಅವಳು. ಯಾವ ಹಾವು ಕಡಿದೀತು? ಎದೆನೋವು ಎನ್ನೋಣವೆಂದರೆ ಆ ವಯಸ್ಸಿಗೆ ನಂಬುವುದಿಲ್ಲ. ಡೆಂಗಿ ಜ್ವರ ಎಂದು ನಿತಿನನೇ ಸೂಚಿಸಿದ್ದ. ಆದರೆ ಊರಿಗೆಲ್ಲ ಜ್ವರ ಬಂದ ಮಳೆಗಾಲದಲ್ಲಿ ಓಣಿಯ ಮಕ್ಕಳ ಹಣೆ ಮುಟ್ಟಿ ನೋಡಿ ಇದು ಆ ಜ್ವರ ಹೌದು, ಇದು ಅಲ್ಲ ಎಂದು ಹೇಳಿದವಳು ತನ್ನ ಜ್ವರ ತನಗೆ ತಿಳಿಯದೆ ಸತ್ತಳೆಂದರೆ ಅವಳ ಕಲಿಕೆಗೇ ಅವಮಾನ. ದಮ್ಮು? ನಿಪ್ಪಾಣಿಯ ತಂಬಾಕಿನ ಘಾಟಿಗೆ ಸಂಜೆ ಮನೆಗೆ ಬಂದವಳೇ ಸೀನುತ್ತಿದ್ದಳು, ಒಂದರ ಹಿಂದೆ ಒಂದು, ಬೆಕ್ಕಿನ ಮರಿಯ ಹಾಗೆ ಸಣ್ಣ ಸೀನು. ಅವನು ಹಾಸಿಗೆಯಲ್ಲಿ ಬಿದ್ದುಕೊಂಡು ಎಣಿಸುತ್ತಿದ್ದ. ಎಣಿಸುತ್ತೇನೆ ಎಂದು ಅವಳಿಗೆ ಎಂದೂ ಹೇಳಿರಲಿಲ್ಲ. ಸೀನಿ ಸೀನಿ ಯಾರೂ ಸಾಯುವುದಿಲ್ಲ. ಎಷ್ಟು ಹುಡುಕಿದರೂ ರಾಜೇಶ್ವರಿಗೆ ಹೊಂದುವ ಒಂದು ಸಾವು ಸಿಗಲಿಲ್ಲ, ಒಂದೊಂದು ಸಾವೂ ತೊಡಿಸಿ ನೋಡಿದರೆ ಎಲ್ಲೋ ಒಂದು ಕಡೆ ಬಿಗಿಯಾಗುತ್ತಿತ್ತು. ಇವಳಿಗೆ ಇಷ್ಟವಾದ ತಿನಿಸು ಯಾವುದು ಎಂದು ಗೊತ್ತಿಲ್ಲದ ತನಗೆ ಇವಳು ಯಾವುದರಿಂದ ಸಾಯುವುದಿಲ್ಲ ಎಂಬುದು ಇಷ್ಟೆಲ್ಲ ಹೇಗೆ ಗೊತ್ತಾಯಿತು ಎಂದು ಅವನಿಗೆ ಸೋಜಿಗವಾಯಿತು.

ಆದರೂ ಸಾಯಿಸಲೇಬೇಕು. ಹೋದ ತಿಂಗಳು ಫೋನಿನಲ್ಲಿ ಆಕೆ, ಅಲ್ಲಿ ಮಧ್ಯಾಹ್ನಕ್ಕೇ ಹೊತ್ತು ಮುಳುಗುತ್ತದೆ ಎಂದು, ಬಾಡಿಗೆ ಕೋಣೆಯ ಕಿಟಕಿ ತೆರೆಯಲು ಬರುವುದಿಲ್ಲ ಎಂದು, ಏನೇನೋ ಹೇಳುತ್ತಿದ್ದವಳು ಒಮ್ಮೆಲೇ, "ನೀವು ಬರ್ತೀರೋ ಇಲ್ಲೋ, ಒಂದ ಹೇಳಿಬಿಡ್ರಿ. ನನಗ ಒಬ್ಬಾಕಿಗೆ ಇನ್ನ ಆಗವಲ್ದು" ಎಂದಿದ್ದಳು. ಅವನು "ಬರ್ತೀನಿ, ಬರ್ತೀನಿ" ಎಂದಿದ್ದ, ಮೂರು ವರ್ಷದಿಂದ ಎಂದ ಹಾಗೆಯೇ. ಊರಿನವರು ಅವನಿಗೆ ನರ್ಸಬಾಯಿ ಗಂಡ ಎಂದು ಹೆಸರಿಟ್ಟಿದ್ದರು. ಅಲ್ಲಿ ಹೋಗಿ ಏನು ಮಾಡುತ್ತೀ, ಹಿಮದ ಫ್ಯಾಟ್ ನೋಡುತ್ತೀಯೇನು ಎಂದು ಚಾಷ್ಟಿ ಮಾಡುತ್ತಿದ್ದರು. ಅದಕ್ಕೆಲ್ಲ ಅವನು ನಕ್ಕುಬಿಡುತ್ತಿದ್ದ. ಒಳಗೊಳಗೆ ಹೆದರಿಕೆ ಇದ್ದದ್ದು ಬೇರೆ. ಅಲ್ಲಿರುವ ಕೋಮಲ ಯಾರೋ ಅವನಿಗೆ ಗೊತ್ತಿಲ್ಲ. ಆಕೆ ಇಂಗ್ಲಿಷಿನಲ್ಲಿ ನಗುತ್ತಾಳೆ, ಕಾರು ಓಡಿಸುತ್ತಾಳೆ, ಸತ್ತವರ ಕಣ್ಣು ಮುಚ್ಚುತ್ತಾಳೆ. ಅವನಿಗೆ ಗೊತ್ತಿದ್ದವಳು ರಾಜೇಶ್ವರಿ, ಅವಳನ್ನು ಕೊಂದು ಈ ಗೊತ್ತಿಲ್ಲದವಳ ಬಾಗಿಲಿಗೆ ಹೋಗಿ ಚೀಲ ಹಿಡಿದು ನಿಲ್ಲಬೇಕು. ನಿಂತು ಏನೆಂದು ಕರೆಯಬೇಕು? ರಾಜೇಶ್ವರಿ ಎಂದು ಅಕ್ಕಿಯಲ್ಲಿ ಬರೆದದ್ದಷ್ಟೇ, ಆ ಹೆಸರನ್ನೂ ಅವನು ಹಿಡಿದು ಕರೆದವನಲ್ಲ. ಮನೆಯಲ್ಲಿ ಅವ್ವ ಇರುತ್ತಿದ್ದಳು, ಅವ್ವನ ಮುಂದೆ ಹೆಂಡತಿಯ ಹೆಸರು ಹಿಡಿದು ಕರೆಯುವ ರೂಢಿ ಇಲ್ಲ. "ಏ" ಎಂದರೆ ಸಾಕಿತ್ತು, ಆಕೆ ಎಲ್ಲಿದ್ದರೂ "ಓ" ಎನ್ನುತ್ತಿದ್ದಳು.

ಮನೆ ಮುಟ್ಟುವ ಹೊತ್ತಿಗೆ ಬಿಸಿಲು ಇಳಿದಿತ್ತು. ದುಂಡವ್ವ ಅಂಗಳದಲ್ಲಿ ಎಮ್ಮೆಗೆ ಹಿಂಡಿ ಕಲಸುತ್ತಿದ್ದಳು. ಅವನು ಕೈಕಾಲು ತೊಳೆಯದೆ ಕಟ್ಟೆಯ ಮೇಲೆ ಕೂತು, ಸುತ್ತಿ ಬಳಸಿ, ಅರ್ಧ ನಿತಿನನ ಮಾತಿನಲ್ಲಿ ಅರ್ಧ ತನ್ನ ಮಾತಿನಲ್ಲಿ ವಿಷಯ ಹೇಳಿದ. ಹಿಂಡಿಯ ಕೈ ಹಾಗೇ ಹಿಡಿದುಕೊಂಡು ಅವ್ವ ಕೇಳಿದಳು.

"ಬಾಳ್ಯಾ, ಅಕಿ ಸಾಯೂದು ಕಾಗದದಾಗ ಅಷ್ಟ ಹೌದಲ್ಲೋ?"

"ಕಾಗದದಾಗ ಅಷ್ಟ ಬೇ."

"ಅಲ್ಲಿ ಅಕಿಗೇನೂ ಆಗೂದಿಲ್ಲ?"

"ಏನೂ ಆಗೂದಿಲ್ಲ. ಯಾರರ ಬಂದ ಕೇಳಿದ್ರ, ಹೌದ್ರಿ, ಸೊಸಿ ರಾಜೇಶ್ವರಿ ತೀರಿಕೊಂಡಾಳ ಅನಬೇಕು. ಒಮ್ಮಿ ಅಂದ ನೋಡು."

ದುಂಡವ್ವ ಕೈ ತೊಳೆದುಕೊಂಡಳು. ಸೆರಗು ಸರಿಮಾಡಿಕೊಂಡಳು. "ಹೌದ್ರಿ, ಸೊಸಿ..." ಎಂದು ನಿಂತಳು. ಇನ್ನೊಮ್ಮೆ, "ಹೌದ್ರಿ..." ಎಂದಳು. "ಹಂಗ ಒಣಾ ಬಾಯೀಲೆ ಹೆಂಗ ಅನ್ನೂದೋ? ಸಾವ ಹೇಳಬೇಕಾದ್ರ ಕೂತ ಹೇಳಬೇಕು, ಅತ್ತ ಹೇಳಬೇಕು. ಒಣಾ ಮಾರಿ ಮಾಡಕೊಂಡ ಹೇಳಿದ್ರ ಬಂದವರು ಅತ್ತೀನ ಏನರ ಮಾಡ್ಯಾಳ ಅಂತಾರ." ಅದೂ ನಿಜವೇ ಎನ್ನಿಸಿತು ಅವನಿಗೆ. "ಹಂಗಾರ ಸ್ವಲ್ಪ ಅತ್ತ ಹೇಳು" ಎಂದ. ದುಂಡವ್ವ ಗೋಡೆಗೆ ಒರಗಿ 'ಉಸ್ಸ್' ಎಂದು ಕೂತು, ಮೊಣಕಾಲು ಒಂದು ಎತ್ತಿಕೊಂಡು, ಸೆರಗಿನ ತುದಿ ಬಾಯಿಗೆ ಹಿಡಿದು ಪ್ರಯತ್ನಕ್ಕೆಂದು ಸಣ್ಣಗೆ ಒಂದು ದನಿ ತೆಗೆದಳು. ಈ ಓಣಿಯಲ್ಲಿ ಯಾರೇ ಸತ್ತರೂ ಮೊದಲು ಕರೆಯುವುದು ಅವಳನ್ನೇ. ಸತ್ತವರ ಗುಣವನ್ನು ಎಳೆ ಎಳೆಯಾಗಿ ಹಾಡಿಕೊಂಡು ಅಳುವವರು ಈಗ ಅವಳಂಥವರು ಉಳಿದಿಲ್ಲ. ಎರಡನೆಯ ದನಿ ಮೊದಲನೆಯದಕ್ಕಿಂತ ದೊಡ್ಡದಾಯಿತು. ಮೂರನೆಯದು ಅವಳ ಕೈಯಲ್ಲಿ ಇರಲಿಲ್ಲ.

"ಎಲ್ಲಿ ಹ್ವಾದೆ ನನ್ನವ್ವಾ ರಾಜೇಶ್ವರೀ... ಅತ್ತಿ ಕಾಲ ನೋವಂದ್ರ ರಾತ್ರಿ ಎದ್ದು ಎಣ್ಣಿ ತಿಕ್ಕಿದೆಲ್ಲ ನನ್ನವ್ವಾ... ನಾ ಬೈದ್ರ ಗ್ವಾಡಿ ಕಡೆ ಮಾರಿ ಮಾಡಿ ನಕ್ಕಿದೆಲ್ಲ ನನ್ನವ್ವಾ... ಎರಡ ರೊಟ್ಟಿ ಉಂಡು ಹೊಟ್ಟಿ ತುಂಬೇತಿ ಅಂದೆಲ್ಲ, ಮೂರನೇದು ನನ್ನ ಸಲವಾಗಿ ಇಟ್ಟಿದಿ ಅಂತ ನನಗ ಗೊತ್ತಿತ್ತಲ್ಲ ನನ್ನವ್ವಾ..."

"ಸಾಕ ಬೇ, ಬರೋಬ್ಬರಿ ಆತು" ಎಂದ ಬಾಳಾಸಾಬ. ಅವ್ವನಿಗೆ ಕೇಳಿಸಲಿಲ್ಲ. ಪಕ್ಕದ ಮನೆಯ ಕಾಶಿಬಾಯಿ ಕೈಯಲ್ಲಿದ್ದ ಮೊರ ಅಲ್ಲೇ ಒಗೆದು ಓಡಿ ಬಂದಳು, ರಾಜೇಶ್ವರಿ ಎಂಬ ಹೆಸರು ಕಿವಿಗೆ ಬಿದ್ದದ್ದೇ ಬಾಯಿ ಬಡಿದುಕೊಂಡು ದುಂಡವ್ವನ ಕೊರಳಿಗೆ ಬಿದ್ದಳು. ಅವಳ ಹಿಂದೆ ಇನ್ನಿಬ್ಬರು. ನೋಡು ನೋಡುವಷ್ಟರಲ್ಲಿ ಅಂಗಳ ತುಂಬಿತು. ಯಾರೋ ಒಲೆಯ ಬೆಂಕಿ ಆರಿಸಿದರು, ಯಾರೋ ಎಮ್ಮೆಯನ್ನು ಆಚೆ ಕಟ್ಟಿದರು, ಯಾರೋ ಬಾಳಾಸಾಬನ ತಲೆಯ ಟೋಪಿ ತೆಗೆದು ಪಕ್ಕಕ್ಕಿಟ್ಟರು. ಅವನು "ಹಂಗಲ್ರಿ, ಕೇಳ್ರಿ ಇಲ್ಲಿ" ಎಂದಾಗೆಲ್ಲ, "ಸಮಾಧಾನ ಮಾಡ್ಕೊ" ಎಂದು ಬೆನ್ನು ಸವರಿದರು. ಡೇರಿಯ ಚೇರಮನ್ ಆಬಾಸಾಹೇಬರು ಬಂದು ಅವನ ಪಕ್ಕ ಕೂತು, ಕೋಲಿನ ಮೇಲೆ ಗದ್ದ ಊರಿ ಕೇಳಿದರು, "ಏನಾಗಿತ್ತೋ?"

"ಅದ ಗೊತ್ತಾಗವಲ್ದರಿ" ಎಂದ ಬಾಳಾಸಾಬ. ಅದಂತೂ ನಿಜವಾಗಿತ್ತು.

"ಪರದೇಶ. ಯಾರ ಹೇಳಾವರು." ಆಬಾಸಾಹೇಬರು ತಲೆಯಾಡಿಸಿದರು. "ಹೆಣ ತರೂದಕ್ಕ ಕಾಗದ ಭಾಳ ಬೇಕಂತ. ಹೆಸರೂ ಗಿಸರೂ ಎಲ್ಲಾ ಬರೋಬ್ಬರಿ ಇರಬೇಕಂತ."

"ಹೆಣಕ್ಕೂ ವೀಸಾ ಬೇಕೇನ್ರಿ?" ಎಂದರು ಯಾರೋ.

"ಹೆಣಕ್ಕ ಬ್ಯಾಡ. ಹೆಣದ ಗಂಡಗ ಬೇಕು" ಎಂದರು ಆಬಾಸಾಹೇಬರು.

ಬಾಳಾಸಾಬನಿಗೆ ಎದ್ದು ನಿಂತು ಕೂಗಿ ಹೇಳಬೇಕೆನಿಸಿತು. ಏಳಲಾಗಲಿಲ್ಲ. ಅವ್ವ ಅಳುತ್ತಲೇ ಇದ್ದಳು, ಅವಳು ಒಂದೊಂದು ಎಳೆ ಎಳೆದಾಗಲೂ ಅವನ ಕಣ್ಣ ಮುಂದೆ ಆ ಹೆಣ್ಣು ಒಂದೊಂದು ಕೆಲಸ ಮಾಡುತ್ತ ಸುಳಿಯುತ್ತಿದ್ದಳು. ಹುಣಸೆಹಣ್ಣಿಗೆ ಬೆಲ್ಲ ಉಪ್ಪು ಹಚ್ಚಿ ಕದ್ದು ತಿನ್ನುತ್ತಿದ್ದಳಂತೆ. ಅದೇ ಅವಳಿಗೆ ಇಷ್ಟದ ತಿನಿಸು, ಅವ್ವನಿಗೆ ಗೊತ್ತಿತ್ತು. ಮುದಿ ಎಮ್ಮೆ ಕೋಮಲ ಸಾಯುವಾಗ ಫೋನು ಅದರ ಕಿವಿಗೆ ಹಿಡಿಯಿರಿ, ನಾನು ಮಾತಾಡಿಸುತ್ತೇನೆ ಎಂದು ಥಂಡಿ ದೇಶದಿಂದ ಅವ್ವನಿಗೆ ಹೇಳಿದ್ದಳಂತೆ. ಅವನಿಗೆ ಯಾರೂ ಹೇಳಿರಲಿಲ್ಲ, ಅಥವಾ ಅವನು ಕೇಳಿರಲಿಲ್ಲ. ಬೈದದ್ದನ್ನು ಬಿಟ್ಟರೆ ಸೊಸೆಯ ಬಗ್ಗೆ ಇನ್ನೊಂದು ಮಾತಾಡದ ಅವ್ವನ ಹೊಟ್ಟೆಯಲ್ಲಿ ಇಷ್ಟೆಲ್ಲ ಎಲ್ಲಿ ಕೂತಿತ್ತು? ಸಾಯಿಸದೆ ಇದನ್ನು ಹೊರಗೆ ತೆಗೆಯಲು ಬರುತ್ತಲೇ ಇರಲಿಲ್ಲವೇ? ಕಿಸೆಯಲ್ಲಿ ಫೋನು ನಡುಗಿದ್ದು ಅಷ್ಟೊತ್ತಿಗೆ. ಅಲ್ಲಿ ಮಧ್ಯಾಹ್ನದ ಊಟದ ಬಿಡುವು. ಅವನು ಯಂತ್ರದ ಹಾಗೆ ತೆಗೆದು ಒತ್ತಿದ. ನೀಲಿ ಅಂಗಿ ತೊಟ್ಟು, ಎದೆಗೆ ಬಿಲ್ಲೆ ಸಿಕ್ಕಿಸಿಕೊಂಡ ಅವಳ ಮುಖ ಪರದೆಯ ತುಂಬ ಬಂತು.

ಕಾಶಿಬಾಯಿ ಕಂಡಳು. ತೆರೆದ ಬಾಯಿ ಹಾಗೇ ಉಳಿಯಿತು. ಆಬಾಸಾಹೇಬರು ಕನ್ನಡಕ ಮೇಲೆತ್ತಿ ನೋಡಿ, "ಪಾಪ, ಹಳೇದ ವಿಡಿಯೋ ನೋಡಾಕತ್ತಾನ, ನೋಡ್ಲಿ ಬಿಡ್ರಿ" ಎಂದು ಎಲ್ಲರಿಗೂ ಕೈಸನ್ನೆ ಮಾಡಿದರು.

"ಏನಾತ್ರಿ? ಯಾರ ಅಳಾಕತ್ತಾರ? ಅತ್ತಿ ದನಿ ಹೌದಲ್ಲ? ಯಾರ ತೀರಿಕೊಂಡ್ರು, ಹೇಳ್ರಿ!"

ಹೇಳಬೇಕಾದ್ದು ಬಹಳವಿತ್ತು. ನಿತಿನ, ತಿಂಗಳ ಕೊನೆ, ಸಾವಿನ ಕಾರಣ, ಖಾಲಿ ಜಾಗ. ಬಾಳಾಸಾಬ ತಲೆ ತಗ್ಗಿಸಿ ಆ ಸಣ್ಣ ಪರದೆಗೆ ಮಾತ್ರ ಕೇಳುವ ಹಾಗೆ ಹೇಳಿದ, "ರಾಜೇಶ್ವರಿ."

ಆ ಹೆಸರನ್ನು ಅವನು ಅವಳಿಗೆ ಹೇಳಿದ್ದು ಅದೇ ಮೊದಲು. ವೀಸಾದವರ ಪತ್ರ ಅವಳಿಗೂ ಗೊತ್ತಿದ್ದದ್ದೇ. ಉಳಿದದ್ದು ಗಂಡನ ಮುಖ ನೋಡಿ ಅರ್ಥವಾಗುತ್ತ ಹೋಗಿರಬೇಕು. ಸಿಟ್ಟಾದಾಳು, ಇಲ್ಲ ನಕ್ಕಾಳು ಎಂದು ಅವನು ಕಾದ. ಅವಳ ಹಿಂದೆ ಯಾರೋ ಇಂಗ್ಲಿಷಿನಲ್ಲಿ ಏನೋ ಕೇಳಿದರು, ಅವಳು ತಿರುಗಿ ನೋಡಲಿಲ್ಲ. ದುಂಡವ್ವನ ದನಿ ಸುಸ್ತಾಗಿ ಇಳಿದಿತ್ತು, ಹಾಡು ಹೋಗಿ ಬರೀ ಮಾತು ಉಳಿದಿತ್ತು. "ಎಮ್ಮಿ ಸಲವಾಗಿ ನಿನ್ನ ಹೆಸರ ಕಸಗೊಂಡೆನಲ್ಲವ್ವಾ... ನಿಮ್ಮವ್ವ ಇಟ್ಟ ಹೆಸರ ಕಸಗೊಂಡೆನಲ್ಲ... ಒಂದ ಮಾತ ಆಡದ ಕೊಟ್ಟೆಲ್ಲ ನನ್ನವ್ವಾ..."

"ಅಕಿ ಸತ್ತಿಲ್ರಿ" ಎಂದು ಬಾಳಾಸಾಬ ತಲೆಯೆತ್ತಿ ಅಂಗಳಕ್ಕೆಲ್ಲ ಹೇಳಿದ. ಈ ಸಲ ದನಿ ಬಂತು. "ಕಾಗದದಾಗ ಸಾಯಿಸಬೇಕಂತ ನಾನ ಹೊಂಟಿದ್ನಿ." ಕಿಸೆಯಿಂದ ಕಾಗದ ತೆಗೆದು ತೋರಿಸಿದ. ಯಾರಿಗೂ ಏನೂ ಅರ್ಥವಾಗಲಿಲ್ಲ, ದುಃಖಕ್ಕೆ ತಲೆ ಕೆಟ್ಟಿದೆ ಎಂದು ಹೆಂಗಸರು ಇನ್ನಷ್ಟು ಅತ್ತರು.

"ಆ ಕಾಗದ ಹರೀರಿ" ಎಂದಳು ಅವಳು ಫೋನಿನೊಳಗಿಂದ.

"ಹರದ್ರ ಅರ್ಜಿ ಮುಚ್ಚತಾರ. ಕೋರ್ಟಂದ್ರ ಎರಡ ವರ್ಷ, ನಾಕ ವರ್ಷ..."

"ಮುಚ್ಚಲಿ. ನಾನ ರಜಾ ಹಾಕಿ ಬರ್ತೀನಿ. ನಿಮ್ಮ ನಿತಿನಗ ಹೇಳ್ರಿ, ಇಬ್ರೂ ಬಂದ ಸಹಿ ಮಾಡ್ತಾರ ಅಂತ."

ಅವನು ಹರಿದ. ಸಾವಿನ ಕಾರಣ ಎಂಬ ಖಾಲಿ ಜಾಗ ಎರಡು ತುಂಡಾಯಿತು. ಇನ್ನು ಈ ಗದ್ದಲವನ್ನು ನಿಲ್ಲಿಸಬೇಕು, ಒಬ್ಬೊಬ್ಬರನ್ನೂ ಕೂರಿಸಿ ತಿಳಿಸಿ ಹೇಳಬೇಕು, ಮೊದಲು ಅವ್ವನನ್ನು ಎಬ್ಬಿಸಿ ನೀರು ಕುಡಿಸಬೇಕು. "ತಡಿ, ಅವ್ವನ್ನ ಸುಮ್ಮನ ಮಾಡಿ ಬರ್ತೀನಿ" ಎಂದು ಏಳಲು ಹೋದ.

"ಏ" ಎಂದಳು ಅವಳು. ಮದುವೆಯಾದಾಗಿನಿಂದ ಆಕೆ ಅವನನ್ನು ಹಾಗೆ ಕರೆದದ್ದಿಲ್ಲ.

"ಓ" ಎಂದ ಬಾಳಾಸಾಬ.

"ಸುಮ್ಮನ ಮಾಡಬ್ಯಾಡ್ರಿ. ಫೋನ ಅತ್ತಿ ಕಡೆ ಹಿಡೀರಿ. ಇನ್ನೂ ಸ್ವಲ್ಪ ಅಳಲಿ, ನಾ ಕೇಳ್ತೀನಿ."